ಕಾವಿನೊಳಗಣ ಸಂಚಾರ

ದೊಡ್ಡಬಳ್ಳಾಪುರದ ಸೀಮೆಯ ಹಳ್ಳಿಗಳಲ್ಲಿ, ಮಂಕರಿಯಲ್ಲಿ ಹುಲ್ಲು ಹಾಸಿ ನಾಟಿ ಕೋಳಿಯನ್ನು ಕಾವಿಗೆ ಕೂರಿಸಿದ ಮನೆಯಾಕೆಯು 21 ದಿನಗಳನ್ನು ಬೆರಳ ಮೇಲೆ ಎಣಿಸುತ್ತ ಕಾಯುವಳೇ ಹೊರತು, ಮೊದಲನೆಯ ದಿನದಲ್ಲಿಯೇ ಮೊಟ್ಟೆಯೊಳಗೆ ನಡೆದುಹೋಗುವ ಸಂಚಾರವನ್ನು ಅರಿಯಳು. ಓದಿದವರಾದ ನಮ್ಮ ಅರಿವೂ ಅಷ್ಟಕ್ಕಷ್ಟೆ.

ಹಳದಿಯ ಮೇಲೆ ಬಿಳಿಯ ಚುಕ್ಕೆಯಂತೆ ತೋರುವ ಭ್ರೂಣವು ಆಗ ಸಾವಿರಾರು ಕೋಶಗಳ ತೆಳುವಾದ ಬಿಲ್ಲೆ ಮಾತ್ರ. ಕಾವು ತಗುಲಿದ ಕೆಲವು ಗಂಟೆಗಳಲ್ಲಿ ಅದರ ಹಿಂಬದಿಯಿಂದ ನಡುವಿನತ್ತ ಒಂದು ಗೆರೆ ಮೂಡುತ್ತದೆ. ಮೇಲ್ಪದರದ ಕೋಶಗಳು ಈ ಗೆರೆಯ ಬಳಿ ಒಳಕ್ಕಿಳಿದು, ಹೃದಯವಾಗತಕ್ಕವು ಒಂದೆಡೆಗೂ, ಬೆನ್ನೆಲುಬೂ ಮಾಂಸಖಂಡಗಳೂ ಆಗತಕ್ಕವು ಇನ್ನೊಂದೆಡೆಗೂ ತೆವಳುವುವು. ಅವಕ್ಕೆ ಕಣ್ಣಿಲ್ಲ, ನರವಿಲ್ಲ. ಅಪ್ಪಣೆ ಕೊಡತಕ್ಕ ಮಿದುಳೇ ಇನ್ನೂ ಹುಟ್ಟಿಲ್ಲ.

ಚಳಿಗಾಲದ ಮುಂಜಾವಿನಲ್ಲಿ ಹೊಸಕೋಟೆಯ ಕಡೆಯ ಅವರೆ ಹೊಲವನ್ನು ಕಣ್ಣು ಮುಚ್ಚಿಕೊಂಡೇ ಸೇರಬಹುದು: ಸೊಗಡು ದಟ್ಟವಾದತ್ತ ಹೆಜ್ಜೆಯಿಟ್ಟರಾಯಿತು. ಕೋಶದ ಉಪಾಯವೂ ಇದೇ. ಬೇರೆ ಕೋಶಗಳು ಸ್ರವಿಸಿದ ಅಣುಗಳು ಅದರ ಮೈಯ ಒಂದು ಪಕ್ಕಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ತಾಕಿದರೆ, ಆ ಅಂತರವೇ ದಿಕ್ಕನ್ನು ತೋರುವುದು.

ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಕೊರ್ನೆಲಿಸ್ ವೈಯರ್ ಮತ್ತು ಅವರ ಸಂಗಡಿಗರು ಎಫ್‌ಜಿಎಫ್ ಎಂಬ ಕುಟುಂಬದ ಪ್ರೋಟೀನುಗಳಲ್ಲಿ ನೆನೆಸಿದ ಸೂಕ್ಷ್ಮ ಮಣಿಗಳನ್ನು ಕೋಳಿಯ ಭ್ರೂಣದಲ್ಲಿಟ್ಟು ಪರೀಕ್ಷಿಸಿ, 2002ರಲ್ಲಿ ಫಲವನ್ನು ಪ್ರಕಟಿಸಿದರು. ಎಫ್‌ಜಿಎಫ್-4 ಕೋಶಗಳನ್ನು ಬಳಿಗೆ ಕರೆಯಿತು. ಅದರ ದಾಯಾದಿಯಾದ ಎಫ್‌ಜಿಎಫ್-8 ದೂರ ಅಟ್ಟಿತು. ಗೆರೆಯ ಬಳಿಯ ಎಂಟನೆಯದು ಕೋಶಗಳನ್ನು ಹೊರಗೆ ಕಳುಹಿಸಿದರೆ, ಆಮೇಲೆ ನಡುವೆ ಬೆಳೆಯುವ ಪೃಷ್ಠರಜ್ಜು (ನೋಟೊಕಾರ್ಡ್) ಎಂಬ ಎಳೆಯಿಂದ ಹೊರಡುವ ನಾಲ್ಕನೆಯದು ಅವುಗಳಲ್ಲಿ ಕೆಲವನ್ನು ಮರಳಿ ಒಳಕ್ಕೆ ಸೆಳೆಯುವುದೆಂದು ಅವರ ವಿವರಣೆ. ಒಂದೇ ಮನೆತನದಲ್ಲಿ ಒಬ್ಬರು ಕರೆಯುವುದೂ ಇನ್ನೊಬ್ಬರು ಅಟ್ಟುವುದೂ ನಮಗೇನು ಹೊಸತಲ್ಲ.

ಕೋಶಗಳು ದಿಕ್ಕರಿಯುವ ಈ ವಿದ್ಯೆಯ ಹಳೆಯ ಪಾಠಗಳು ಮಣ್ಣಿನಲ್ಲಿ ಬಾಳುವ ಡಿಕ್ಟಿಯೋಸ್ಟೀಲಿಯಂ ಎಂಬ ಅಮೀಬದಿಂದ ಬಂದವು. ವೈಯರರೂ ಅದನ್ನು ಅಭ್ಯಸಿಸಿದವರೇ. ಆಹಾರ ತೀರಿದೊಡನೆ ಈ ಅಮೀಬಗಳು, ಕೆಲವು ನಿಮಿಷಗಳಿಗೊಮ್ಮೆ ಅಲೆಯಲೆಯಾಗಿ ಹೊರಡುವ ಚಕ್ರೀಯ ಎಎಂಪಿ ಎಂಬ ಅಣುವಿನ ಕರೆಗೆ ಓಗೊಟ್ಟು, ಒಟ್ಟುಗೂಡಿ ಒಂದೇ ದೇಹವಾಗುವುವು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದ ವಿದ್ಯಾನಂದ ನಂಜುಂಡಯ್ಯನವರು, ಕರೆಯನ್ನು ಕೇಳಿದ ಅಮೀಬವು ಅದನ್ನು ಮುಂದಿನದಕ್ಕೆ ದಾಟಿಸುವ ಬಗೆಗೂ ಅವು ಕೂಡುವಾಗ ತಳೆಯುವ ಆಕಾರಕ್ಕೂ ಇರುವ ನಂಟನ್ನು 1973ರ ಪ್ರಬಂಧವೊಂದರಲ್ಲಿ ಗಣಿತದಿಂದ ವಿವೇಚಿಸಿದರು.

ಇತ್ತ ಕೋಳಿಯ ಭ್ರೂಣದಲ್ಲಿ ಹೃದಯವಾಗತಕ್ಕ ಕೋಶಗಳು ಎಡಬಲಗಳಿಂದ ನಡುವಿಗೆ ಬಂದು ಕೂಡಿ, ಎರಡನೆಯ ದಿನವೇ ಮಿಡಿಯತೊಡಗುತ್ತವೆ. ಐದಾರು ದಿನ ಕಳೆದು ಮನೆಯಾಕೆ ಮೊಟ್ಟೆಯನ್ನು ದೀಪಕ್ಕೆ ಹಿಡಿದಾಗ ಒಳಗೆ ಕೆಂಪು ಎಳೆಗಳು ಕಂಡರೆ, ಅದನ್ನು ಮೆಲ್ಲನೆ ಕೋಳಿಯ ಹೊಟ್ಟೆಯಡಿಗೆ ಮತ್ತೆ ಸರಿಸುವಳು.