ಗಿಟ್ ಸದ್ದಿಲ್ಲದೆ ನಿಂತಾಗ: ದೋಷಶೋಧನೆಯ ಕ್ರಮ

ಹಸ್ತಪ್ರತಿಗಳ ಪಾಠಾಂತರಗಳನ್ನು ಗುರುತಿಸಿಡುವುದು ಗ್ರಂಥಸಂಪಾದಕನ ಮುಖ್ಯ ಕರ್ತವ್ಯಗಳಲ್ಲೊಂದು. ಗಣಕದ ಕಡತಗಳು ಕಾಲಕಾಲಕ್ಕೆ ಪಡೆದ ರೂಪಗಳನ್ನು ಹೀಗೆಯೇ ದಾಖಲಿಸುವ ತಂತ್ರಾಂಶಗಳಿಗೆ ಆವೃತ್ತಿ ನಿಯಂತ್ರಣ ಸಾಧನಗಳೆಂದು ಹೆಸರು. ಲಿನಕ್ಸ್ ಕರ್ನಲ್ಲಿನ ಅಭಿವೃದ್ಧಿಗಾಗಿ ಲೀನಸ್ ಟೊರ್ವಾಲ್ಡ್ಸ್ 2005ರಲ್ಲಿ ರಚಿಸಿದ ಗಿಟ್ ಇವುಗಳಲ್ಲಿ ಪ್ರಮುಖವಾದುದು. ಇದನ್ನು ಟೈಪಿಸಿದ ಆದೇಶಗಳ ಮೂಲಕ ಬಳಸುವವರಿಗೆ ಒಮ್ಮೊಮ್ಮೆ ವಿಚಿತ್ರವಾದ ತೊಡಕು ಎದುರಾಗುತ್ತದೆ: ಉತ್ತರವಾಗಲಿ ದೋಷಸೂಚನೆಯಾಗಲಿ ತೋರದೆ ಸಾಧನವು ನಿಂತುಬಿಡುತ್ತದೆ. ಆಗ ಗಾಬರಿಗೊಂಡು ಸಂಗ್ರಹವನ್ನೇ ಅಳಿಸಿ ಮರಳಿ ತರಿಸಿಕೊಳ್ಳುವವರುಂಟು. ಕೇಂದ್ರಕ್ಕೆ ಇನ್ನೂ ಕಳುಹಿಸದ ಶ್ರಮವೆಲ್ಲ ಇದರಿಂದ ನಾಶವಾಗುತ್ತದೆ.

ಮೌನವೆಲ್ಲ ವೈಫಲ್ಯವಲ್ಲ. ಯುನಿಕ್ಸ್ ಪರಂಪರೆಯಲ್ಲಿ ಸಫಲವಾದ ಆದೇಶವೂ ಸುಮ್ಮನಿರುವುದು ವಾಡಿಕೆ. ಆದುದರಿಂದ ಮೊದಲು ನೋಡಬೇಕಾದುದು ನಿರ್ಗಮನ ಸಂಖ್ಯೆ. ಲಿನಕ್ಸಿನ ಬ್ಯಾಷ್‌ನಲ್ಲಿ, ಮರುಕ್ಷಣವೇ ‘ಎಕೋ’ ಎಂಬ ಆದೇಶದ ಮುಂದೆ ಡಾಲರ್ ಚಿಹ್ನೆಯನ್ನೂ ಪ್ರಶ್ನಾರ್ಥಕ ಚಿಹ್ನೆಯನ್ನೂ ಒತ್ತಾಗಿ ಬರೆದರೆ ಅದು ಕಾಣುತ್ತದೆ. 0 ಎಂದರೆ ಕಾರ್ಯ ಸಫಲ. 139 ಸಾಮಾನ್ಯವಾಗಿ ಸ್ಮರಣಕೋಶದ ನಿಷಿದ್ಧ ಭಾಗವನ್ನು ಮುಟ್ಟಿ ಕುಸಿದುದರ ಗುರುತು. 137 ಹೊರಗಿನಿಂದ ಬಲವಂತವಾಗಿ ನಿಲ್ಲಿಸಿದುದರ ಗುರುತು. ಸ್ಮರಣಕೋಶ ಸಾಲದಾದಾಗಲೂ ಲಿನಕ್ಸ್ ಹೀಗೆ ನಿಲ್ಲಿಸುವುದುಂಟು. ವಿಂಡೋಸ್‌ನಲ್ಲಿ ಕಾಣುವ -1073741515 ಎಂಬ ಸಂಖ್ಯೆ, ಅಗತ್ಯವಾದ ಡಿಎಲ್‌ಎಲ್ ಕಡತವೊಂದು ದೊರೆಯಲಿಲ್ಲವೆಂದು ತಿಳಿಸುತ್ತದೆ.

ಎರಡನೆಯದು ದೋಷದ ನೆಲೆಯನ್ನು ಗುರುತಿಸುವುದು. ಗಿಟ್‌ನ ಆವೃತ್ತಿಯನ್ನು ಕೇಳುವ ಸರಳ ಆದೇಶಕ್ಕೂ ಉತ್ತರ ಬಾರದಿದ್ದರೆ ದೋಷವನ್ನು ಅಳವಡಿಕೆಯಲ್ಲಿ ಹುಡುಕಬೇಕು. ಒಂದೇ ಸಂಗ್ರಹದಲ್ಲಿ ಮಾತ್ರ ತೊಡಕು ತೋರಿದರೆ ಆ ಸಂಗ್ರಹವನ್ನು ಶಂಕಿಸಬೇಕು. ‘ಗಿಟ್ ಟ್ರೇಸ್’ ಎಂಬ ಪರಿಸರ ಚರಕ್ಕೆ 1 ಎಂಬ ಬೆಲೆ ಕೊಟ್ಟು ಆದೇಶವನ್ನು ಮತ್ತೆ ನಡೆಸಿದರೆ, ಗಿಟ್ ಕರೆಯುವ ಒಳ ಆದೇಶಗಳು ಒಂದೊಂದಾಗಿ ತೆರೆಯ ಮೇಲೆ ಮೂಡುತ್ತವೆ. ಕೊನೆಯ ಸಾಲು ಎಲ್ಲಿ ನಿಂತಿತೋ ಅಲ್ಲಿಂದ ಶೋಧನೆ ಆರಂಭವಾಗಬೇಕು.

ದುರಸ್ತಿಗೆ ಕೈಹಾಕುವ ಮುನ್ನ, ಅಡಗಿರುವ ‘ಡಾಟ್ ಗಿಟ್’ ಕೋಶವೂ ಸೇರಿದಂತೆ ಇಡೀ ಸಂಗ್ರಹದ ಪ್ರತಿಯೊಂದನ್ನು ಬೇರೆಡೆ ತೆಗೆದಿಡಬೇಕು. ಅನಂತರ ‘ಎಫ್‌ಎಸ್‌ಸಿಕೆ’ ಎಂಬ ಪರೀಕ್ಷಾ ಆದೇಶವನ್ನು ನಡೆಸಬಹುದು. ಗಿಟ್ ತನ್ನ ಪ್ರತಿ ಘಟಕಕ್ಕೂ ಅದರ ಒಳತಿರುಳಿನಿಂದಲೇ ಲೆಕ್ಕಹಾಕಿದ ಹೆಸರನ್ನು ಕೊಡುವುದರಿಂದ, ಒಂದು ಅಕ್ಷರ ಕೆಟ್ಟಿದ್ದರೂ ಈ ಪರೀಕ್ಷೆಯಲ್ಲಿ ಹೆಸರು ತಾಳೆಯಾಗದು. ಕುಸಿತದ ತರುವಾಯ ‘ಇಂಡೆಕ್ಸ್ ಲಾಕ್’ ಕಡತವು ಉಳಿದು ಮುಂದಿನ ಆದೇಶಗಳನ್ನು ತಡೆಯುವುದೂ ಉಂಟು. ಬೇರೆ ಯಾವ ಗಿಟ್ ಕ್ರಿಯೆಯೂ ನಡೆಯುತ್ತಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಅದನ್ನು ತೆಗೆಯತಕ್ಕದ್ದು. ಈ ಕ್ರಮವನ್ನು ಪಾಲಿಸಿದರೆ, ಕೆಟ್ಟುದು ಸಾಧನವೋ ಸಂಗ್ರಹವೋ ಎಂಬುದು ತಿಳಿಯುವವರೆಗೆ ಬರಹವಾದರೂ ಸುರಕ್ಷಿತವಾಗಿ ಉಳಿಯುತ್ತದೆ.