ಮುಯ್ಯಾಳು ಮತ್ತು ಗಣಕಯಂತ್ರ

ಮಲೆನಾಡಿನ ಬೇಸಾಯದಲ್ಲಿ ಮುಯ್ಯಾಳು ಎಂಬ ಒಂದು ಪದ್ಧತಿಯುಂಟು. ನಾಟಿಯ ಕಾಲದಲ್ಲಿ ಒಂದು ಮನೆಯವರು ಇನ್ನೊಂದು ಮನೆಯ ಗದ್ದೆಗೆ ಹೋಗಿ ದುಡಿಯುತ್ತಾರೆ. ಆ ಮನೆಯವರು ಮತ್ತೊಂದು ದಿನ ಇವರ ಗದ್ದೆಗೆ ಬಂದು ಋಣ ತೀರಿಸುತ್ತಾರೆ. ಇಲ್ಲಿ ಹಣದ ಮಾತಿಲ್ಲ. ಆದರೂ ಯಾರ ಗದ್ದೆಯೂ ನಾಟಿಯಿಲ್ಲದೆ ಉಳಿಯುವುದಿಲ್ಲ. ಈ ಹಳೆಯ ಪದ್ಧತಿಗೂ ಇಂದಿನ ಗಣಕಯಂತ್ರಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಸಂಬಂಧವಿದೆ. ಅದನ್ನು ನಾನು ತಿಳಿದುಕೊಂಡದ್ದು ನಿವೃತ್ತನಾದ ಮೇಲೆ, ನರಸಿಂಹರಾಜಪುರದ ನನ್ನ ಮನೆಯ ಜಗಲಿಯಲ್ಲಿ ಕುಳಿತು, ನನ್ನ ಶಿಷ್ಯೆಯೊಬ್ಬಳಿಂದ.

ನಮ್ಮ ಊರಿಗೆ ಹಿಂದೆ ಎಡೇಹಳ್ಳಿ ಎಂಬ ಹೆಸರಿತ್ತು. 1915ರಲ್ಲಿ ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಅದಕ್ಕೆ ಬಂದಿತು. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದಾಗ ಇಲ್ಲಿನ ಎಷ್ಟೋ ಗದ್ದೆ, ತೋಟ, ಮನೆಗಳು ಹಿನ್ನೀರಿನಲ್ಲಿ ಮುಳುಗಿದವು. ತರೀಕೆರೆಯಿಂದ ಬರುತ್ತಿದ್ದ ಪುಟ್ಟ ರೈಲುದಾರಿಯೂ ಇಲ್ಲವಾಯಿತು. ಮುಳುಗಿದ ನೆಲದೊಡನೆ ಗದ್ದೆಗಳ ಹೆಸರುಗಳು, ಹಳ್ಳಗಳ ಹೆಸರುಗಳು, ಬೇಸಾಯದ ಮಾತುಗಳು ಮರೆಯಾಗುತ್ತಿದ್ದುದನ್ನು ಕಂಡು, ನಾನು ಉಪಾಧ್ಯಾಯನಾಗಿದ್ದಾಗ ಹಿರಿಯರ ಬಳಿ ಕುಳಿತು ಅವುಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದೆ. 2003ರಿಂದ ಈಚೆಗೆ ಆ ಬರಹವನ್ನೆಲ್ಲ ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿ ಇಟ್ಟಿದ್ದೆ. ಹೇಳಿದ ಹಿರಿಯರಲ್ಲಿ ಹೆಚ್ಚಿನವರು ಈಗಿಲ್ಲ. ಕೈಬರಹದ ಪುಸ್ತಕಗಳಲ್ಲಿ ಹಲವು ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದು ಹೋದವು. ಉಳಿದದ್ದು ಗಣಕಯಂತ್ರದೊಳಗಿನ ಪ್ರತಿಯೊಂದೇ.

ಆ ಗಣಕಯಂತ್ರ ಮುದಿಯಾಯಿತು. ಅದರಲ್ಲಿದ್ದ ಕಾರ್ಯಾಚರಣ ವ್ಯವಸ್ಥೆಗೆ ಹೊಸ ರಕ್ಷಣೆಗಳು ಬರುವುದು ನಿಂತುಹೋಯಿತು. ಒಂದು ಕಡತವನ್ನು ತೆರೆಯಲು ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ಬೇಕಾಗುತ್ತಿತ್ತು. ಅಂಗಡಿಯೊಂದರಲ್ಲಿ ವಿಚಾರಿಸಿದಾಗ, “ಇದನ್ನು ಎಸೆದು ಹೊಸದನ್ನು ಕೊಳ್ಳಿ” ಎಂದರು. ಕಡತಗಳನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಿದರೆ ಕನ್ನಡವೇ ಇಲ್ಲ. ಪುಟದ ತುಂಬ ತಲೆಯ ಮೇಲೆ ಚುಕ್ಕಿ, ಗೆರೆಗಳನ್ನು ಹೊತ್ತ ಅರ್ಥವಿಲ್ಲದ ರೋಮನ್ ಅಕ್ಷರಗಳು! ಹಿರಿಯರ ಮಾತುಗಳು ಎರಡನೆಯ ಸಲ ಮುಳುಗಿದಂತಾಯಿತು.

ಆ ದಿನಗಳಲ್ಲಿ ಬೇಸಗೆಯ ರಜೆಗೆ ಊರಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ನನ್ನ ಕಷ್ಟವನ್ನು ಕೇಳಿ, “ಮೇಷ್ಟ್ರೇ, ಯಂತ್ರ ಕೆಟ್ಟಿಲ್ಲ. ಅದರ ಮೇಲೆ ಹೊರಲಾರದ ಹೊರೆಯಿದೆ, ಅಷ್ಟೆ. ಲಿನಕ್ಸ್ ಹಾಕೋಣ. ನಾನು ಹೇಳುತ್ತೇನೆ, ಕೈಯಿಂದ ಮಾಡುವವರು ನೀವೇ ಆಗಬೇಕು” ಎಂದಳು. ನಾನು ಅವಳಿಗೆ ವ್ಯಾಕರಣ ಕಲಿಸಿದ ರೀತಿಯೂ ಅದೇ ಆಗಿತ್ತು, ಆದ್ದರಿಂದ ಒಪ್ಪಿಕೊಂಡೆ.

ಲಿನಕ್ಸ್ ಎಂದರೇನು? ಗಣಕಯಂತ್ರದ ಬಿಡಿಭಾಗಗಳನ್ನೂ ನಾವು ಬಳಸುವ ತಂತ್ರಾಂಶಗಳನ್ನೂ ಹೊಂದಿಸಿ ನಡೆಸುವ ವ್ಯವಸ್ಥೆಯೊಂದರ ತಿರುಳು ಅದು. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಅದನ್ನು ಬರೆಯತೊಡಗಿದನು. ಅದಕ್ಕೂ ಮೊದಲೇ, 1983ರಲ್ಲಿ, ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬಾತನು ಎಲ್ಲರೂ ಬಳಸಬಹುದಾದ, ಓದಿ ತಿಳಿಯಬಹುದಾದ, ತಿದ್ದಿ ಇತರರಿಗೆ ಹಂಚಬಹುದಾದ ಒಂದು ವ್ಯವಸ್ಥೆಯನ್ನು ಕಟ್ಟುವುದಾಗಿ ಸಾರಿ, ಅದಕ್ಕೆ ಗ್ನು ಎಂದು ಹೆಸರಿಟ್ಟಿದ್ದನು. ಈ ಎರಡೂ ಸೇರಿದಾಗ ಪೂರ್ಣ ವ್ಯವಸ್ಥೆಯಾಯಿತು. ಅದನ್ನು ಹಲವು ಗುಂಪುಗಳು ತಮ್ಮ ತಮ್ಮ ರೀತಿಯಲ್ಲಿ ಜೋಡಿಸಿ ಕೊಡುತ್ತವೆ. 1993ರಲ್ಲಿ ಆರಂಭವಾದ ಡೆಬಿಯನ್, 2004ರಲ್ಲಿ ಹೊರಬಂದ ಉಬುಂಟು ಇವು ಹೆಸರಾಂತ ಜೋಡಣೆಗಳು. ಒಬ್ಬನು ಬರೆದುದನ್ನು ಇನ್ನೊಬ್ಬನು ತಿದ್ದುತ್ತಾನೆ. ಅವನು ತಿದ್ದಿದ್ದು ಮೊದಲಿನವನಿಗೂ ದೊರೆಯುತ್ತದೆ. ಇದು ಮುಯ್ಯಾಳಲ್ಲದೆ ಮತ್ತೇನು?

ಕೆಲಸಕ್ಕೆ ತೊಡಗುವ ಮುನ್ನ ಅವಳು ಒಂದು ನಿಯಮವನ್ನು ಹೇಳಿದಳು. ಹೊಸ ವ್ಯವಸ್ಥೆಯನ್ನು ಸ್ಥಾಪಿಸುವಾಗ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗಬಹುದು. ಆದ್ದರಿಂದ ಬೇಕಾದ ಕಡತಗಳನ್ನು ಮೊದಲು ಬೇರೆಡೆ ನಕಲು ಮಾಡಬೇಕು, ನಕಲು ತೆರೆಯುತ್ತದೆಯೇ ಎಂದು ನೋಡಬೇಕು. ನಾವು ಎರಡು ಪೆನ್‌ಡ್ರೈವುಗಳಲ್ಲಿ ಎರಡು ಪ್ರತಿಗಳನ್ನು ಮಾಡಿ, ಒಂದನ್ನು ನೆರೆಮನೆಯಲ್ಲಿ ಇರಿಸಿದೆವು. ಬಿತ್ತನೆಯ ಬೀಜವನ್ನು ಒಂದೇ ಕಣಜದಲ್ಲಿ ಇಡುವ ಬೇಸಾಯಗಾರನಿಲ್ಲ.

ಅನಂತರ ಡೆಬಿಯನ್ ವ್ಯವಸ್ಥೆಯ ಪ್ರತಿಯನ್ನು ಅದರ ಅಧಿಕೃತ ತಾಣದಿಂದಲೇ ಪಡೆದು ಮತ್ತೊಂದು ಪೆನ್‌ಡ್ರೈವಿಗೆ ಬರೆದೆವು. ಯಂತ್ರವನ್ನು ಅದರಿಂದ ಚಾಲನೆ ಮಾಡಿದಾಗ ಸ್ಥಾಪಕ ತಂತ್ರಾಂಶವು ಒಂದೊಂದಾಗಿ ಪ್ರಶ್ನೆ ಕೇಳಿತು: ಯಾವ ಭಾಷೆ, ಯಾವ ದೇಶದ ಸಮಯ, ಬಳಕೆದಾರನ ಹೆಸರೇನು, ಗುಪ್ತಪದವೇನು, ಡಿಸ್ಕನ್ನು ಹೇಗೆ ಹಂಚಬೇಕು. ಕೊನೆಯ ಪ್ರಶ್ನೆಗೆ ಮಾತ್ರ ಎರಡು ಸಲ ಓದಿ ಉತ್ತರಿಸಬೇಕು. ನಮ್ಮ ಯಂತ್ರದ ಸ್ಮೃತಿ ಎರಡು ಗಿಗಾಬೈಟು ಮಾತ್ರವಾದುದರಿಂದ, ಹಗುರವಾದ ಎಕ್ಸ್‌ಎಫ್‌ಸಿಇ ಎಂಬ ಮುಖಪರದೆಯನ್ನು ಆರಿಸಿಕೊಂಡೆವು. ಸಂಜೆಯ ಹೊತ್ತಿಗೆ ಎಸೆಯಬೇಕೆಂದಿದ್ದ ಯಂತ್ರ ಲವಲವಿಕೆಯಿಂದ ಎದ್ದು ನಿಂತಿತು.

ಇನ್ನು ಬೇಕಾದ ತಂತ್ರಾಂಶಗಳನ್ನು ಸೇರಿಸಬೇಕು. ಇಲ್ಲಿ ಲಿನಕ್ಸಿನ ಕ್ರಮವೇ ಬೇರೆ. ಕಂಡ ಕಂಡ ಕಡೆಯಿಂದ ತಂತ್ರಾಂಶಗಳನ್ನು ತಂದು ಹಾಕುವುದಿಲ್ಲ. ಪ್ರತಿಯೊಂದು ಜೋಡಣೆಗೂ ತನ್ನದೇ ಆದ ಉಗ್ರಾಣವಿರುತ್ತದೆ. ಅದರಲ್ಲಿ ಸಾವಿರಾರು ತಂತ್ರಾಂಶಗಳು ಪರೀಕ್ಷೆಗೊಳಗಾಗಿ, ಒಂದೊಂದೂ ಒಂದು ಪ್ಯಾಕೇಜಾಗಿ ಕಟ್ಟಲ್ಪಟ್ಟಿರುತ್ತವೆ. ದಾರಿಯಲ್ಲಿ ಯಾರೂ ಬದಲಿಸದಂತೆ ಉಗ್ರಾಣದ ಪಟ್ಟಿಗೆ ಗಣಕೀಯ ಮುದ್ರೆಯಿರುತ್ತದೆ. ಉಗ್ರಾಣದಿಂದ ತಂದುಕೊಡುವ ಪಾರುಪತ್ಯಗಾರನ ಹೆಸರು ಆಪ್ಟ್. ಒಂದು ಪ್ಯಾಕೇಜು ಬೇಕೆಂದರೆ ಅದು ಅವಲಂಬಿಸಿರುವ ಇತರ ಪ್ಯಾಕೇಜುಗಳನ್ನೂ ಆಪ್ಟ್ ತಾನೇ ಹುಡುಕಿ ತರುತ್ತದೆ. ಅಡಿಗೆಗೆ ಹುಳಿ ಬೇಕೆಂದರೆ ಬೇಳೆ, ಉಪ್ಪು, ಒಗ್ಗರಣೆಯ ಸಾಮಾನುಗಳನ್ನೂ ನೆನಪಿಟ್ಟು ತರುವ ಜಾಣ ಆಳಿನಂತೆ ಅದರ ಕೆಲಸ.

ನನಗೆ ಬೇಕಾದುದು ಕನ್ನಡ. ಪರದೆಯ ಕಪ್ಪು ಕಿಟಕಿಯಲ್ಲಿ ಆಜ್ಞೆಯನ್ನು ಬರೆಯತೊಡಗಿದೆ. ಆಜ್ಞೆಗಳನ್ನು ರೋಮನ್ ಸಣ್ಣಕ್ಷರಗಳಲ್ಲಿ ಬರೆಯಬೇಕು. ಇಲ್ಲಿ ಅವುಗಳ ಉಚ್ಚಾರಣೆಯನ್ನು ಮಾತ್ರ ಕೊಟ್ಟಿದೆ. ‘ಸುಡೊ ಆಪ್ಟ್ ಇನ್‌ಸ್ಟಾಲ್’ ಎಂದು ಬರೆದು ಪ್ಯಾಕೇಜಿನ ಹೆಸರನ್ನು ಸೇರಿಸಿದೆ. ಅಂತಹ ಪ್ಯಾಕೇಜು ಇಲ್ಲವೆಂದು ಉತ್ತರ ಬಂದಿತು. ನಾನು ಕೈಚೆಲ್ಲಿ ಕುಳಿತೆ. ಅವಳು ನಕ್ಕು, “ಮೇಷ್ಟ್ರೇ, ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರ ಬರೆಯಬೇಡಿ ಎಂದು ನೀವೇ ನಮಗೆ ಹೇಳುತ್ತಿದ್ದಿರಿ. ಅದು ಏನು ಹೇಳುತ್ತಿದೆ ಎಂದು ಪೂರ್ತಿ ಓದಿ” ಎಂದಳು. ಓದಿದಾಗ ತಿಳಿಯಿತು: ನನ್ನ ಯಂತ್ರದ ಬಳಿ ಉಗ್ರಾಣದ ಹೊಸ ಪಟ್ಟಿಯೇ ಇರಲಿಲ್ಲ. ಮೊದಲು ‘ಸುಡೊ ಆಪ್ಟ್ ಅಪ್‌ಡೇಟ್’ ಎಂದು ಬರೆದು ಪಟ್ಟಿಯನ್ನು ತರಿಸಿಕೊಳ್ಳಬೇಕಿತ್ತು. ದೋಷಸೂಚನೆಯು ಬೈಗುಳವಲ್ಲ, ಅದು ದಾರಿ ತೋರುವ ಕೈಮರ.

‘ಸುಡೊ’ ಎಂಬ ಮಾತಿನ ವಿಷಯದಲ್ಲಿ ಎಚ್ಚರ ಬೇಕು. ಲಿನಕ್ಸಿನಲ್ಲಿ ಸಾಮಾನ್ಯ ಬಳಕೆದಾರನಿಗೆ ತನ್ನ ಕೋಣೆಯ ಮೇಲಷ್ಟೇ ಅಧಿಕಾರ. ಇಡೀ ಮನೆಯನ್ನು ಬದಲಿಸುವ ಅಧಿಕಾರವನ್ನು ಆ ಒಂದು ಆಜ್ಞೆಯ ಮಟ್ಟಿಗೆ ಕೊಡುವುದು ‘ಸುಡೊ’. ಅರ್ಥವಾಗದ ಆಜ್ಞೆಯ ಹಿಂದೆ ಅದನ್ನು ಬರೆಯುವುದೆಂದರೆ ಅಪರಿಚಿತನ ಕೈಗೆ ಮನೆಯ ಬೀಗದ ಕೈಯನ್ನು ಕೊಟ್ಟಂತೆ.

‘ಫಾಂಟ್ಸ್-ಕೆಎನ್‌ಡಿಎ’ ಎಂಬ ಪ್ಯಾಕೇಜನ್ನು ಸ್ಥಾಪಿಸಿದಾಗ ಕನ್ನಡದ ಅಕ್ಷರಶೈಲಿಗಳು ಬಂದವು. ಅವುಗಳಲ್ಲಿ ಎರಡರ ಹೆಸರು ಗುಬ್ಬಿ ಮತ್ತು ನವಿಲು. ಎಲ್ಲಿಯದೋ ಯಂತ್ರದ ಹೊಟ್ಟೆಯೊಳಗೆ ನಮ್ಮ ಅಂಗಳದ ಹಕ್ಕಿಗಳನ್ನು ಕಂಡಾಗ ಆದ ಸಂತೋಷವನ್ನು ಹೇಗೆ ಹೇಳಲಿ! ಬರೆಯುವುದಕ್ಕೆ ‘ಐಬಸ್-ಎಂ17ಎನ್’ ಎಂಬ ಪ್ಯಾಕೇಜು ಬೇಕಾಯಿತು. ಅದರೊಳಗಿನ ಎಂ17ಎನ್ ಎಂಬುದು ಜಪಾನಿನ ಸಂಶೋಧನ ಸಂಸ್ಥೆಯೊಂದರಲ್ಲಿ ಬೆಳೆದ, ಹಲವು ಭಾಷೆಗಳ ಬರವಣಿಗೆಗೆ ನೆರವಾಗುವ ತಂತ್ರಾಂಶ. ಜಪಾನಿನವರು ನೆಟ್ಟ ಗದ್ದೆಯಲ್ಲಿ ಮಲೆನಾಡಿನವನಿಗೂ ಪಾಲು ದೊರೆಯಿತು.

ಸ್ಥಾಪನೆ ಎಂದರೆ ತಂದು ಇಡುವುದು. ನಮ್ಮ ಬಳಕೆಗೆ ತಕ್ಕಂತೆ ಹೊಂದಿಸುವುದು ಬೇರೆಯ ಕೆಲಸ. ಐಬಸ್‌ನ ಹೊಂದಿಕೆಯಲ್ಲಿ ಕನ್ನಡವನ್ನು ಆರಿಸಿ, ಅದರೊಳಗೆ ಕೆಜಿಪಿ ಎಂಬ ಕೀಲಿಮಣೆಯ ವಿನ್ಯಾಸವನ್ನು ಸೇರಿಸಿ, ಒಮ್ಮೆ ಹೊರಬಂದು ಮತ್ತೆ ಪ್ರವೇಶಿಸಬೇಕಾಯಿತು. ಈ ವಿನ್ಯಾಸವನ್ನು ರೂಪಿಸಿದವರು ದಕ್ಷಿಣ ಕನ್ನಡದ ಕಿನ್ನಿಕಂಬಳ ಪದ್ಮನಾಭ ರಾವ್ ಅವರು. ಕನ್ನಡದ ವ್ಯಂಜನದಲ್ಲಿ ಅಕಾರವು ಸಹಜವಾಗಿ ಸೇರಿರುತ್ತದೆ. ಆದ್ದರಿಂದ ‘ಕ’ ಬರೆಯಲು ಒಂದೇ ಕೀಲಿ ಸಾಕು. ಒತ್ತಕ್ಷರ ಬೇಕಾದಲ್ಲಿ ‘ಎಫ್’ ಕೀಲಿಯನ್ನೊತ್ತಿ ಅಕಾರವನ್ನು ತೆಗೆಯಬೇಕು. ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿಗಳನ್ನು ಒತ್ತಿದರೆ ‘ಕನ್ನಡ’ ಎಂಬ ಪದ ಮೂಡುತ್ತದೆ. ಕೇಶಿರಾಜನ ವ್ಯಾಕರಣವನ್ನು ಪಾಠ ಹೇಳಿದ ನನಗೆ, ಇದು ವರ್ಣಮಾಲೆಯ ನಿಯಮವನ್ನೇ ಅನುಸರಿಸಿದ ಕೀಲಿಮಣೆಯೆಂದು ಕೂಡಲೇ ತಿಳಿಯಿತು.

ಹೊಂದಾಣಿಕೆಯ ಬಗ್ಗೆ ಇನ್ನೊಂದು ಮಾತು. ಲಿನಕ್ಸಿನಲ್ಲಿ ಹೆಚ್ಚಿನ ಹೊಂದಿಕೆಗಳು ಸಾದಾ ಬರಹದ ಕಡತಗಳಲ್ಲಿರುತ್ತವೆ. ಇಡೀ ಯಂತ್ರಕ್ಕೆ ಸಂಬಂಧಿಸಿದವು ಒಂದು ಕೋಶದಲ್ಲಿ, ಒಬ್ಬೊಬ್ಬ ಬಳಕೆದಾರನಿಗೆ ಸಂಬಂಧಿಸಿದವು ಅವನವನ ಕೋಶದಲ್ಲಿ. ಅವುಗಳನ್ನು ತೆರೆದು ಓದಬಹುದು, ತಿದ್ದಬಹುದು. ತಿದ್ದುವ ಮುನ್ನ ಮೂಲದ ಒಂದು ನಕಲನ್ನು ಇಟ್ಟುಕೊಂಡರೆ, ತಪ್ಪಿದಾಗ ಹಿಂದಿನ ಸ್ಥಿತಿಗೆ ಮರಳಬಹುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲವನ್ನು ನೋಡಬೇಕು. ಹತ್ತನ್ನು ಒಟ್ಟಿಗೆ ಬದಲಿಸಿದವನಿಗೆ ತಪ್ಪು ಎಲ್ಲಿಯದೆಂದು ತಿಳಿಯದು.

ಈಗ ಉಳಿದದ್ದು ನನ್ನ ಹಳೆಯ ಬರಹ. ಅದು ಏಕೆ ಓದಲಾರದಂತಾಯಿತು? ಹಿಂದಿನ ಕ್ರಮದಲ್ಲಿ ಅಕ್ಷರಗಳಿಗೆ ಇದ್ದುದು 256 ಸ್ಥಾನಗಳು. ಅವು ರೋಮನ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾಗಿದ್ದವು. ಕನ್ನಡ ಬೇಕಾದಾಗ ಆ ಸ್ಥಾನಗಳಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ ಅಕ್ಷರಶೈಲಿಗಳನ್ನು ಮಾಡಿಕೊಂಡರು. ಅಂದರೆ ಯಂತ್ರದ ಪಾಲಿಗೆ ಅದು ರೋಮನ್ ಬರಹ. ಕನ್ನಡದ ವೇಷ ಹಾಕಿತ್ತು, ಅಷ್ಟೆ. ಆ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ವೇಷ ಕಳಚಿಬಿದ್ದಿತು. ಆ ಕಾಲದಲ್ಲಿ ಕನ್ನಡವನ್ನು ಯಂತ್ರಕ್ಕೆ ತಂದವರು ಇದ್ದ ಸೌಲಭ್ಯದಲ್ಲೇ ದಾರಿ ಮಾಡಿದರೆಂಬುದನ್ನು ನಾವು ಮರೆಯಬಾರದು. 1991ರಲ್ಲಿ ಪ್ರಕಟವಾದ ಯುನಿಕೋಡ್ ಎಂಬ ಜಾಗತಿಕ ಶಿಷ್ಟತೆಯು ಕನ್ನಡಕ್ಕೆ ತನ್ನದೇ ಆದ 128 ಸ್ಥಾನಗಳನ್ನು ಕಾದಿರಿಸಿತು. ಈಗ ಯಾವ ಯಂತ್ರದಲ್ಲಿ ತೆರೆದರೂ ‘ಕ’ ಎಂಬುದು ‘ಕ’ ಆಗಿಯೇ ಇರುತ್ತದೆ.

ಹಳೆಯ ಬರಹವನ್ನು ಯುನಿಕೋಡಿಗೆ ತರುವ ಪರಿವರ್ತಕಗಳನ್ನು ಕನ್ನಡದ ಸ್ವಯಂಸೇವಕರು ರಚಿಸಿ, ಮೂಲಸಂಕೇತಸಹಿತ ಎಲ್ಲರಿಗೂ ಹಂಚಿದ್ದಾರೆ. ಅದರ ಕೆಲಸ ಸುಲಭವಲ್ಲ. ‘ಸೂರ್ಯ’ ಎಂಬ ಪದದಲ್ಲಿ ಅರ್ಕಾವತ್ತು ಯಕಾರದ ಅನಂತರ ಕಾಣುತ್ತದೆ. ಹಳೆಯ ಕ್ರಮದಲ್ಲಿ ಅದನ್ನು ಕಾಣುವ ಜಾಗದಲ್ಲೇ ದಾಖಲಿಸುತ್ತಿದ್ದರು. ಯುನಿಕೋಡಿನಲ್ಲಾದರೋ ಉಚ್ಚಾರಣೆಯ ಕ್ರಮದಂತೆ ರೇಫವು ಮೊದಲು ಬರಬೇಕು. ಪರಿವರ್ತಕವು ಇಂತಹ ಸ್ಥಾನಪಲ್ಲಟವನ್ನೆಲ್ಲ ಮಾಡಬೇಕು. ಮೊದಲ ಕಡತವನ್ನು ಪರಿವರ್ತಿಸಿದ ಗಳಿಗೆಯಲ್ಲಿ ನಾನು ಉಸಿರು ಬಿಗಿಹಿಡಿದಿದ್ದೆ. ಅರ್ಥವಿಲ್ಲದ ಪುಟ ಮರೆಯಾಗಿ ಕನ್ನಡದ ಸಾಲುಗಳು ಮೂಡಿದವು: ನೀರಿನಡಿಯ ಗದ್ದೆಯೊಂದರ ಹೆಸರು, ಅದನ್ನು ಹೇಳಿದ ಅಜ್ಜಿಯ ಮಾತು. ಅಲ್ಲಲ್ಲಿ ತಪ್ಪುಗಳು ಉಳಿದಿದ್ದವು. ಅವುಗಳನ್ನು ಕಣ್ಣಿನಿಂದ ಓದಿ ತಿದ್ದಲು ಮಳೆಗಾಲದ ಮೂರು ತಿಂಗಳು ಹಿಡಿದವು.

ಈ ವಿದ್ಯೆ ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಬೇಡಿ. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ನಿಮ್ಮ ವಯಸ್ಸಿನ ಮಕ್ಕಳು ಲಿನಕ್ಸ್ ಯಂತ್ರಗಳ ಮೇಲೆಯೇ ಪಾಠ ಕಲಿಯುತ್ತಾರೆ. ಕೇರಳ ಸರ್ಕಾರದ ಶಾಲೆಗಳಿಗಾಗಿಯೇ ಸಿದ್ಧಪಡಿಸಿದ ಜೋಡಣೆಯೊಂದು ಅಲ್ಲಿ ಬಳಕೆಯಲ್ಲಿದೆ.

ರಜೆ ಮುಗಿದು ಹೊರಟ ಶಿಷ್ಯೆಯನ್ನು, “ನಿನ್ನ ಋಣವನ್ನು ಹೇಗೆ ತೀರಿಸಲಮ್ಮಾ?” ಎಂದು ಕೇಳಿದೆ. “ನನಗೆ ತೀರಿಸಬೇಡಿ ಮೇಷ್ಟ್ರೇ. ಪರಿವರ್ತಕವು ತಪ್ಪಿದ ಕಡೆಗಳನ್ನು ಪಟ್ಟಿ ಮಾಡಿ, ಅದನ್ನು ಬರೆದವರಿಗೆ ಕಳುಹಿಸಿ. ಮುಂದಿನವರಿಗೆ ಆ ತಪ್ಪುಗಳು ಬಾರದಿರಲಿ” ಎಂದಳು. ನಾನು ಹಾಗೆಯೇ ಮಾಡಿದೆ. ಅರುವತ್ತು ದಾಟಿದ ಮೇಲೆ ನಾನು ನೆಟ್ಟ ಸಸಿ ಅದು. ಆ ಗದ್ದೆ ಯಾರದೆಂದು ನನಗೆ ತಿಳಿಯದು. ಆದರೆ ಅಲ್ಲಿ ನನ್ನ ಒಂದು ದಿನದ ಮುಯ್ಯಿ ಸಂದಿದೆ.