ಬೀಗದ ಕೈ ಅಕ್ಕನ ಖಾತೆಯಲ್ಲಿತ್ತು!

ಕಳೆದ ನವೆಂಬರ್‌ನ ಒಂದು ಶುಕ್ರವಾರ ರಾತ್ರಿ. ಚಾಮರಾಜನಗರದ ಹಾಸ್ಟೆಲ್‌ ಕೋಣೆಯಲ್ಲಿ ನನ್ನ ಲ್ಯಾಪ್‌ಟಾಪ್‌ ನೀಲಿ ಪರದೆ ತೋರಿಸುತ್ತಾ 48 ಅಂಕಿಗಳ ರಿಕವರಿ ಕೀ ಕೇಳುತ್ತಿತ್ತು. ಸೋಮವಾರ ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ ಒಪ್ಪಿಸಬೇಕು. ನಾಲ್ವರು ಸೇರಿ ಎರಡು ತಿಂಗಳು ಬರೆದ ಕೋಡ್‌, ವರದಿ ಎಲ್ಲವೂ ಅದರೊಳಗೆ. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ‘ನಿನ್ನ ಹತ್ರಾನೇ ಇರ್ಲಿ, ಸೇಫ್‌’ ಎಂದು ಗೆಳೆಯರು ನನ್ನನ್ನು ನಂಬಿದ್ದರು.

ಎಡವಟ್ಟು ನನ್ನದೇ. ವಿಂಡೋಸ್‌ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತಲ್ಲ, ಹಾಗಾಗಿ ನಾನೂ ವಿಂಡೋಸ್‌ 11ಕ್ಕೆ ಅಪ್‌ಗ್ರೇಡ್‌ ಮಾಡಿದೆ. ಅದೇ ಉತ್ಸಾಹದಲ್ಲಿ ಹಿಂದುಮುಂದು ನೋಡದೆ ಬಯೋಸ್‌ ಅಪ್‌ಡೇಟನ್ನೂ ಹಾಕಿದೆ. ರೀಸ್ಟಾರ್ಟ್‌ ಆಯಿತು, ಬೀಗ ಬಿತ್ತು.

ಈ ಬೀಗದ ಹೆಸರು ಬಿಟ್‌ಲಾಕರ್‌. ಡಿಸ್ಕಿನಲ್ಲಿರುವುದನ್ನೆಲ್ಲ ಅದು ಗೂಢಲಿಪಿಯಾಗಿ ಬದಲಿಸಿಡುತ್ತದೆ. ಬಿಡಿಸುವ ಕೀಲಿಯನ್ನು ಲ್ಯಾಪ್‌ಟಾಪಿನೊಳಗಿನ ಟಿಪಿಎಂ ಎಂಬ ಚಿಪ್‌ ಕಾಯುತ್ತದೆ. ಆನ್‌ ಮಾಡಿದಾಗಲೆಲ್ಲ ಯಂತ್ರ ಮೊದಲಿನಂತೆಯೇ ಇದೆಯೇ ಎಂದು ಪರೀಕ್ಷಿಸಿ ಕೀಲಿ ಕೊಡುತ್ತದೆ. ಬಯೋಸ್‌ ಬದಲಾದರೆ ಅದಕ್ಕೆ ಅನುಮಾನ. ಕೂತಿರುವವನು ಮಾಲೀಕನೋ ಕಳ್ಳನೋ ಗೊತ್ತಾಗದೆ ರಿಕವರಿ ಕೀ ಕೇಳುತ್ತದೆ. ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿದರೂ ಪ್ರಯೋಜನವಿಲ್ಲ. ಫಾರ್ಮ್ಯಾಟ್‌ ಮಾಡಿದರೆ ಲ್ಯಾಪ್‌ಟಾಪ್‌ ಉಳಿಯುತ್ತದೆ, ಪ್ರಾಜೆಕ್ಟ್‌ ಹೋಗುತ್ತದೆ.

ನಾನು ಬಿಟ್‌ಲಾಕರ್‌ ಆನ್‌ ಮಾಡಿಯೇ ಇರಲಿಲ್ಲ. ಆದರೆ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಮೊದಲ ಸಲ ಮೈಕ್ರೋಸಾಫ್ಟ್‌ ಖಾತೆಯಿಂದ ಲಾಗಿನ್‌ ಆದಾಗ ಅದು ತಾನಾಗಿಯೇ ಆನ್‌ ಆಗುತ್ತದೆ. ಕೀಲಿಯ ಪ್ರತಿ ಆ ಖಾತೆಗೆ ಸೇರುತ್ತದೆ. ಗೆಳೆಯನ ಮೊಬೈಲ್‌ನಲ್ಲಿ ನನ್ನ ಖಾತೆ ತೆರೆದು ನೋಡಿದೆ, ಖಾಲಿ. ಆಗ ನೆನಪಾಯಿತು, ಲ್ಯಾಪ್‌ಟಾಪ್‌ ಮೊದಲು ಅಕ್ಕನದು!

ಬೆಂಗಳೂರಿನಲ್ಲಿರುವ ಅಕ್ಕನಿಗೆ ಫೋನ್‌ ಮಾಡಿದರೆ, ಅವಳ ಖಾತೆಗೆ ಕೊಟ್ಟಿದ್ದ ಹಳೆಯ ಸಿಮ್‌ ಈಗ ಗುಂಡ್ಲುಪೇಟೆಯಲ್ಲಿರುವ ಅಪ್ಪನ ಕೀಪ್ಯಾಡ್‌ ಫೋನಿನಲ್ಲಿದೆ. ಒಟಿಪಿ ಅಲ್ಲಿಗೇ ಹೋಗುತ್ತದೆ. ಅಪ್ಪ ಮೆಸೇಜ್‌ ತೆರೆದು, ಪಕ್ಕದವರಿಂದ ಓದಿಸಿ, ವಾಪಸ್‌ ಕರೆ ಮಾಡುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತಿತ್ತು. ಎರಡು ಸಲ ಹೀಗಾಯಿತು.

ಶನಿವಾರ ಬೆಳಿಗ್ಗೆ ಲ್ಯಾಪ್‌ಟಾಪ್‌ ಬ್ಯಾಗಿಗೆ ಹಾಕಿಕೊಂಡು ತೆರಕಣಾಂಬಿ ಮೇಲೆ ಹೋಗುವ ಬಸ್‌ ಹತ್ತಿದೆ. ಅಪ್ಪ ಅರಿಸಿನದ ಹೊಲದಲ್ಲಿದ್ದರು. ಕಥೆಯೆಲ್ಲ ಕೇಳಿ, ‘ಅಲ್ಲ ಮಗ, ಬೀಗ ಹಾಕ್ದವ್ರಿಗೆ ಬೀಗದ ಕೈ ಎಲ್ಲಿ ಮಡುಗಿದೀವಿ ಅಂತ ಗೊತ್ತಿರ್ಬೇಕು ತಾನೆ?’ ಅಂದರು. ಉತ್ತರವಿರಲಿಲ್ಲ.

ಈ ಸಲ ಒಟಿಪಿ ಬಂದ ಕೂಡಲೇ ಅಕ್ಕನಿಗೆ ಹೇಳಿದೆ. ಅವಳ ಖಾತೆಯಲ್ಲಿ ಎರಡು ಕೀಲಿಗಳಿದ್ದವು. ನೀಲಿ ಪರದೆಯಲ್ಲಿ ಕಾಣುವ ಕೀ ಐಡಿಯ ಮೊದಲ ಎಂಟು ಅಕ್ಷರಗಳನ್ನು ತಾಳೆ ನೋಡಿ ಸರಿಯಾದುದನ್ನು ಆರಿಸಿದೆವು. ಆರಾರು ಅಂಕಿಗಳ ಎಂಟು ಗುಂಪು. ಪ್ರತಿ ಗುಂಪೂ 11ರಿಂದ ಭಾಗವಾಗುವ ಸಂಖ್ಯೆ. ಹಾಗಾಗಿ ಐದನೇ ಗುಂಪಿನಲ್ಲಿ ನಾನು ಒಂದು ಅಂಕಿ ತಪ್ಪಿಸಿದಾಗ ಯಂತ್ರವೇ ತಪ್ಪು ಹಿಡಿಯಿತು. ಎಂಟನೇ ಗುಂಪು ಮುಗಿಸಿ ಎಂಟರ್‌ ಒತ್ತಿದಾಗ ಡೆಸ್ಕ್‌ಟಾಪ್‌ ಕಂಡಿತು. ಮೊದಲು ಮಾಡಿದ ಕೆಲಸ, ಪ್ರಾಜೆಕ್ಟನ್ನು ಪೆನ್‌ಡ್ರೈವ್‌ಗೂ ಡ್ರೈವ್‌ಗೂ ಕಾಪಿ ಮಾಡಿದ್ದು. ಸೋಮವಾರ ಪ್ರಾಜೆಕ್ಟ್‌ ಒಪ್ಪಿಸಿದೆವು.

ಹಾಸ್ಟೆಲ್‌ಗೆ ಬಂದು ಗೆಳೆಯರನ್ನು ಕೇಳಿದರೆ, ತಮ್ಮ ಲ್ಯಾಪ್‌ಟಾಪ್‌ನ ಕೀಲಿ ಯಾವ ಖಾತೆಯಲ್ಲಿದೆ ಎಂದು ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಅಣ್ಣ, ಅಕ್ಕ ಬಳಸಿದ ಅಥವಾ ಸೆಕೆಂಡ್‌ ಹ್ಯಾಂಡ್‌ ಲ್ಯಾಪ್‌ಟಾಪ್‌ ಇದ್ದರಂತೂ ಇವತ್ತೇ ನೋಡಿ. ಸೆಟ್ಟಿಂಗ್ಸ್‌ನಲ್ಲಿ ‘ಡಿವೈಸ್‌ ಎನ್‌ಕ್ರಿಪ್ಷನ್‌’ ಆನ್‌ ಇದೆಯೇ ಎಂದು ಪರೀಕ್ಷಿಸಿ. ಇದ್ದರೆ ಕೀಲಿಯನ್ನು ಹುಡುಕಿ ಕಾಗದದಲ್ಲಿ ಬರೆದಿಡಿ. ಬಯೋಸ್‌ ಅಪ್‌ಡೇಟ್‌ಗೆ ಮೊದಲು ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ಸಸ್ಪೆಂಡ್‌ ಮಾಡಿ. ಬೀಗ ತೆರೆದ ಮೇಲೂ ಪ್ರತಿ ಸಲ ಕೀಲಿ ಕೇಳುತ್ತಿದ್ದರೆ, ಒಮ್ಮೆ ಸಸ್ಪೆಂಡ್‌ ಮಾಡಿ ಮತ್ತೆ ಚಾಲೂ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ನನ್ನ 48 ಅಂಕಿಗಳ ಚೀಟಿ ಈಗ ಅಪ್ಪನ ಟ್ರಂಕಿನಲ್ಲಿ, ಪಹಣಿ ಪತ್ರಗಳ ಜೊತೆಗಿದೆ. ಅಪ್‌ಗ್ರೇಡ್‌ ಬಟನ್‌ ಒತ್ತುವ ಮೊದಲು ಐದು ನಿಮಿಷ ಇದಕ್ಕೆ ಕೊಡಿ. ಆ ಐದು ನಿಮಿಷ ಉಳಿಸಲು ಹೋಗಿ ನಾನು ಒಂದು ರಾತ್ರಿಯ ನಿದ್ದೆ ಕಳೆದುಕೊಂಡೆ.